ಸಂಘದ ಆರೋಗ್ಯ ಶಿಬಿರ ಬೇಕಾ, ಎಕ್ಸಾಸ್ಟ್ ಫ್ಯಾನ್ ಬೇಕಾ? (ಮುಂಬೈ ಕನ್ನಡಿಗರು ಸ್ವಲ್ಪ ಹೇಳಿ)

ಚೆಂಬೂರ್_ಪೋರ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೈಬೇಡಿ. ನಮ್ಮ ಕಡೆ ಸಂಘದಲ್ಲಿ ಪ್ರತಿ ವರ್ಷ ರಾಜ್ಯೋತ್ಸವ ಮುಗಿದ ಮೇಲೆ ಒಂದು ಭಾನುವಾರ ಉಚಿತ ಆರೋಗ್ಯ ಶಿಬಿರ ಮಾಡ್ತೀವಿ, ಬಿಪಿ, ಶುಗರ್, ಕಣ್ಣು, ಆಮೇಲೆ ಉಪ್ಪಿಟ್ಟು ಶೀರಾ. ಬರೋರು ಯಾರು ಅಂದ್ರೆ ಅದೇ ಬಿಲ್ಡಿಂಗ್‌ನ ಅಂಕಲ್ ಆಂಟಿಯಂದ್ರು, ಮನೇಲೇ ಶುಗರ್ ಮಶೀನ್ ಇಟ್ಕೊಂಡಿರೋರು, ತಮ್ಮ ಮಶೀನ್ ಸರಿ ತೋರಿಸ್ತಿದೆಯಾ ಅಂತ ತಾಳೆ ನೋಡಕ್ಕೆ ಬರ್ತಾರೆ ಅಷ್ಟೇ (ನಮ್ಮಪ್ಪನೂ ಸೇರಿ).

ಕಳೆದ ಸಲ ಉಪ್ಪಿಟ್ಟು ತಂದ ಹೋಟೆಲ್ ಹುಡುಗ ಕೆಮ್ತಾ ಇದ್ದ. ಯಾದಗಿರಿ ಕಡೆಯವನು, 22 ವರ್ಷ ಇರಬಹುದು, ಪಾತ್ರೆ ತೊಳೆಯೋ ಕೆಲಸ. ನಾನೇ ಕರ್ಕೊಂಡು ಹೋಗಿ ಕಫ ಪರೀಕ್ಷೆ ಮಾಡಿಸಿದೆ, ಟಿಬಿ. ಆರು ತಿಂಗಳು ಗುಳಿಗೆ ನುಂಗಿದ, ವಾಸಿ ಆಯ್ತು ಅಂದ್ರು, ಖುಷಿಯಾಯ್ತು. ಈಗ ಅವನ ಪಕ್ಕದಲ್ಲಿ ಮಲಗೋ ಇನ್ನೊಬ್ಬನಿಗೆ ಬಂದಿದೆ. ಮಲಗೋದು ಎಲ್ಲಿ ಅಂದ್ರೆ ಅಡುಗೆಮನೆ ಮೇಲಿನ ಪೋಟಮಾಳಾ (ಅಟ್ಟ), ನೆಟ್ಟಗೆ ನಿಲ್ಲಕ್ಕಾಗಲ್ಲ, ಕಿಟಕಿ ಇಲ್ಲ, ಒಂಬತ್ತು ಜನ.

ಹೆಲ್ತ್ ಪೋಸ್ಟ್ ಸಿಸ್ಟರ್ ಹತ್ರ ಹೋಗಿ ಈ ವರ್ಷ ನಮ್ಮ ಶಿಬಿರಕ್ಕೆ ನೀವೂ ಬನ್ನಿ ಅಂದೆ. ಅವರು ರಿಜಿಸ್ಟರ್‌ನಿಂದ ತಲೆ ಎತ್ತದೇ ಹೇಳಿದ್ದು, ಅರೇ ದಾದಾ, ಮಂಟಪಕ್ಕೆ ಹಾಕೋ ದುಡ್ಡಲ್ಲಿ ಆ ಹುಡುಗರು ಮಲಗೋ ಜಾಗಕ್ಕೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ತಮಾಷೆ ಮಾಡ್ತಿದಾರೆ ಅಂದ್ಕೊಂಡೆ, ಮಾಡ್ತಿರ್ಲಿಲ್ಲ. ಹಾಗಿದ್ರೆ ಸಿಸ್ಟರ್, ಇದನ್ನ ನಿಮ್ಮ ಡಿಪಾರ್ಟ್‌ಮೆಂಟೇ ಯಾಕೆ ಮಾಡಬಾರದು ಅಂದ್ರೆ ನಕ್ಕರು.

ನನ್ನ ಪ್ರಶ್ನೆ ಅದೇ. ಮನೆ, ನೀರು, ಗಾಳಿ, ಪಗಾರ, ಇದನ್ನೆಲ್ಲ ಆರೋಗ್ಯ ಇಲಾಖೆ ತನ್ನ ಕೆಲಸ ಅಂತ ಎಲ್ಲಾದ್ರೂ ಮಾಡಿದೆಯಾ? ಅಥವಾ ಗುಳಿಗೆ ಕೊಟ್ಟು ಕೈ ತೊಳ್ಕೊಳ್ಳೋದೇ ಎಲ್ಲಾ ಕಡೆ?

ನಿವೃತ್ತ_ಡಾಕ್ಟ್ರಮ್ಮ:
ಪೋರ, ನಿಮ್ಮ ಸಿಸ್ಟರ್‌ಗೆ ನನ್ನ ಕಡೆಯಿಂದ ಒಂದು ಚಹಾ ಕುಡಿಸಿ. ಮೂವತ್ತು ವರ್ಷ ಇದೇ ಊರಲ್ಲಿ ಕೆಲಸ ಮಾಡಿದೋಳು ನಾನು, ಹೊರರೋಗಿ ವಿಭಾಗದಲ್ಲಿ ಕೂತಿದ್ದಾಗ ವಿಳಾಸ ಕೇಳಿದ್ರೆ ಸಾಕು ಅರ್ಧ ರೋಗ ತಿಳೀತಿತ್ತು. ನೀವು ಹೇಳ್ತಿರೋದಕ್ಕೆ ಒಂದು ದೊಡ್ಡ ಹೆಸರಿದೆ, ಆರೋಗ್ಯದ ಸಾಮಾಜಿಕ ನಿರ್ಧಾರಕಗಳು ಅಂತ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಒಂದು ಆಯೋಗ ಮಾಡ್ತು, ಮೈಕಲ್ ಮಾರ್ಮಟ್ ಅಧ್ಯಕ್ಷರು, ನಮ್ಮ ಅಹಮದಾಬಾದಿನ ‘ಸೇವಾ’ (SEWA) ಅನ್ನೋ ದುಡಿಯೋ ಹೆಂಗಸರ ಸಂಘಟನೆಯ ಮೀರಾಯಿ ಚಟರ್ಜಿ ಅದರಲ್ಲಿ ಸದಸ್ಯೆ. 2008ರಲ್ಲಿ ವರದಿ ಬಂತು. ದಪ್ಪ ವರದಿ, ಆದ್ರೆ ಹೇಳೋದು ನಿಮ್ಮ ಸಿಸ್ಟರ್ ಹೇಳಿದ್ದನ್ನೇ, ಜನ ಹುಟ್ಟಿ ಬೆಳೆದು ದುಡಿದು ಮುದುಕರಾಗೋ ಜಾಗ ಸರಿಯಿಲ್ಲದೆ ಆಸ್ಪತ್ರೆ ಮಾತ್ರ ಕಟ್ಟಿದ್ರೆ ಆಗಲ್ಲ ಅಂತ.

ಗಾಳಿ ವಿಷಯಕ್ಕೆ ನಮ್ಮೂರಲ್ಲೇ ಪುರಾವೆ ಇದೆ. ಗೋವಂಡಿ ಮಾನಖುರ್ದ್ ಕಡೆ ಲಲ್ಲೂಭಾಯಿ ಕಂಪೌಂಡ್, ನಟವರ್ ಪಾರೇಖ್ ಕಂಪೌಂಡ್, ಪಿಎಂಜಿ ಕಾಲೊನಿ ಅಂತ ಪುನರ್ವಸತಿ ಬಿಲ್ಡಿಂಗ್‌ಗಳಿವೆ, ರಸ್ತೆ ರೈಲ್ವೆ ಕೆಲಸಕ್ಕೆ ಎಬ್ಬಿಸಿದ ಜನರನ್ನ ತಂದು ಹಾಕಿದ್ದು. ಡಾಕ್ಟರ್ಸ್ ಫಾರ್ ಯೂ ಅನ್ನೋ ಸಂಸ್ಥೆ ಐಐಟಿ ಬಾಂಬೆ ಜೊತೆ ಸೇರಿ ಅಲ್ಲಿ ಅಧ್ಯಯನ ಮಾಡ್ತು, 2018ರಲ್ಲಿ ಹೊರಗೆ ಬಂತು. ಬಿಲ್ಡಿಂಗ್‌ಗೂ ಬಿಲ್ಡಿಂಗ್‌ಗೂ ನಡುವೆ ಮೂರೇ ಮೀಟರ್ ಇರೋ ಕಡೆ, ಕೆಳಗಿನ ಮಹಡಿಗಳಿಗೆ ಬಿಸಿಲು ಗಾಳಿ ಮುಟ್ಟದ ಕಡೆ, ಟಿಬಿ ಜಾಸ್ತಿ. ಸ್ವಲ್ಪ ಅಗಲ ಬಿಟ್ಟು ಕಟ್ಟಿದ ಕಾಲೊನಿಯಲ್ಲಿ ಕಡಿಮೆ. ಝೋಪಡಪಟ್ಟಿಯಿಂದ ಪಕ್ಕಾ ಮನೆಗೆ ಬಂದು ರೋಗ ತಗೊಂಡ್ರು ಅಂದ್ರೆ ನೋಡಿ! ಆ ನಕ್ಷೆಗೆ ಸಹಿ ಹಾಕೋ ಟೇಬಲ್ ಹತ್ರ ಆರೋಗ್ಯ ಇಲಾಖೆಯವರು ಯಾರೂ ಇರಲ್ಲ. ರೋಗ ಬಂದ ಮೇಲೆ ಮಾತ್ರ ನಮ್ಮನ್ನ ಕರೀತಾರೆ.

ಥಾಣೆ_ವಾಸಿ:
ಎಲ್ಲಾದಕ್ಕೂ ಸರ್ಕಾರ ಸಮಾಜ ಅಂತ ಹೇಳಿದ್ರೆ ಹೇಗೆ ಸ್ವಾಮಿ. ಗುಟ್ಕಾ ತಿಂದು ಗೋಡೆಗೆ ಉಗಿಯೋರು ಯಾರು? ಕೈ ತೊಳೆಯಲ್ಲ, ಗುಳಿಗೆ ಅರ್ಧಕ್ಕೆ ಬಿಡ್ತಾರೆ. ನಾವೂ ಚಾಳ್‌ನಲ್ಲೇ ಬೆಳೆದಿದ್ದು, ನಮಗೇನೂ ಆಗ್ಲಿಲ್ಲ.

ಸೇಡಂ_ಟು_ಮಾನಖುರ್ದ್:
ಥಾಣೆ ಸಾಹೇಬ್ರ, ಕೈ ತೊಳಿಲಿಕ್ಕೆ ನೀರ್ ಬೇಕಲ್ರಿ. ನಮ್ಮಪ್ಪ ನಾಕಾ (ಕೂಲಿ ಮಂದಿ ಕೆಲಸಕ್ಕ ಕಾಯೋ ಚೌಕ) ಮ್ಯಾಲ ನಿಂತು ಬಿಗಾರಿ ಕೆಲಸ ಮಾಡಿದಾಂವ, ನಾ ಹುಟ್ಟಿದ್ದ ಇಲ್ಲೇ ಖಾಡಿ ಬಾಜೂಕ. ಸಣ್ಣಾಂವ ಇದ್ದಾಗ ಮುಂಜಾನೆ ನಾಕಕ್ಕ ಎದ್ದು ಕ್ಯಾನ್ ಹಿಡ್ಕೊಂಡ್ ಹೋಗೋದ ನನ್ನ ಕೆಲಸ, ಸೈಕಲ್ ಮ್ಯಾಲ ನೀರ್ ಮಾರೋರ ಕಡೆ ತಗೊಂಡ್ರ ನೀವು ಬಿಲ್ಡಿಂಗಿನ್ಯಾಗ ಕೊಡೋದಕ್ಕಿಂತ ಎಷ್ಟೋ ಪಟ್ಟು ರೊಕ್ಕ. ನಾವು ಬಂದದ್ದು 2000ದ ಮ್ಯಾಲ, ಅದರ ಮೊದಲ ಬಂದವ್ರಿಗಷ್ಟ ಆಗ ನಳ ಕನೆಕ್ಷನ್ ಕೊಡ್ತಿದ್ರು, ಕಾಗದಾನ್ಯಾಗ ನಾವು ಇಲ್ಲೇ ಇಲ್ಲ. ನೀರಿನ ಹಕ್ಕಿಗೆ ಹೋರಾಡೋ ಪಾಣಿ ಹಕ್ ಸಮಿತಿಯವರು ಹೈಕೋರ್ಟಿಗೆ ಹೋದ್ರು, 2014ರ ಡಿಸೆಂಬರಿನ್ಯಾಗ ಕೋರ್ಟು ಹೇಳ್ತು, ಮನಿ ಅಕ್ರಮ ಇರಬೌದು ಆದ್ರ ನೀರು ಜೀವಿಸೋ ಹಕ್ಕು, ಕೊಡ್ರಿ ಅಂತ. ಪಾಲಿಕೆ ಎಲ್ಲರಿಗೂ ನೀರು ಅನ್ನೋ ಪಾಲಿಸಿ ತಂದದ್ದು 2022ರಾಗ. ಲೆಕ್ಕ ಹಾಕ್ರಿ, ಏಳು ವರ್ಷದ ಮ್ಯಾಲ. ಅಷ್ಟರಾಗ ನಮ್ಮ ಓಣ್ಯಾಗ ಎಷ್ಟ್ ಮಂದಿಗೆ ಕಾವಿಳಿ (ಕಾಮಾಲೆ) ಆತು, ಎಷ್ಟ್ ಕೂಸುಗಳಿಗೆ ಜುಲಾಬು ಹತ್ತಿ ಗ್ಲೂಕೋಸ್ ಏರಿಸ್ಯಾರ, ಅದನ್ನ ದವಾಖಾನಿಯವ್ರು ಬರಕೊಂಡ್ರು, ನೀರಿನ ಆಫೀಸಿನವ್ರು ಬರಕೊಳ್ಳಿಲ್ಲ.

ಗುಳಿಗಿ ಅರ್ಧಕ್ಕ ಬಿಡ್ತಾರ ಅಂದ್ರಿ. ಖರೇ ಅದ, ನಮ್ಮ ಕಾಕಾನೂ ಬಿಟ್ಟಿದ್ದ. ಯಾಕ್ ಗೊತ್ತೇನ್ರಿ? ಗುಳಿಗಿ ಕೊಡೋ ಜಾಗ ತೆರಿಯೋದು ಒಂಬತ್ತಕ್ಕ, ನಾಕಾದಾಗ ಮುಕಾದಮ್ (ಮೇಸ್ತ್ರಿ) ಮಂದೀನ ಆರಿಸಿ ಒಯ್ಯೋದು ಎಂಟರಿಂದ ಒಂಬತ್ತರೊಳಗ. ಗುಳಿಗಿಗೆ ಹೋದ್ರ ಅವತ್ತಿನ ಪಗಾರ ಹೋತು, ಪಗಾರಕ್ಕ ಹೋದ್ರ ಗುಳಿಗಿ ಹೋತು.

ಚೆಂಬೂರ್_ಪೋರ:
ಅಣ್ಣಾ ಈ ಟೈಮಿಂಗ್ ವಿಷಯ ನಂಗೆ ಹೊಳೆದೇ ಇರ್ಲಿಲ್ಲ. ನಮ್ಮ ಹುಡುಗನಿಗೂ ಅದೇ, ಬೆಳಿಗ್ಗೆ ನಾಷ್ಟಾ ರಶ್ಶಲ್ಲಿ ಧಣಿ ಬಿಡಲ್ಲ.

ನಿವೃತ್ತ_ಡಾಕ್ಟ್ರಮ್ಮ:
ಇದಕ್ಕೆ ಮಾತ್ರ ಇಲಾಖೆಗೆ ಯಾರ ಪರ್ಮಿಶನ್ನೂ ಬೇಡ, ತನ್ನ ಬಾಗಿಲು ಎಷ್ಟು ಹೊತ್ತಿಗೆ ತೆಗೀಬೇಕು ಅನ್ನೋದು ತನ್ನ ಕೈಲೇ ಇದೆ. 2022ರಲ್ಲಿ ಶುರುವಾದ ಪಾಲಿಕೆಯ ಆಪ್ಲಾ ದವಾಖಾನಾ ರಾತ್ರಿ 10ರವರೆಗೆ ತೆರೆದಿರತ್ತೆ ಅಂದಾಗ ನನಗೆ ಕಟ್ಟಡ, ಬೋರ್ಡು, ಫೋಟೋ ಯಾವುದೂ ಮುಖ್ಯ ಅನ್ನಿಸ್ಲಿಲ್ಲ, ಆ ರಾತ್ರಿ 10 ಅನ್ನೋದು ಮುಖ್ಯ ಅನ್ನಿಸ್ತು. ದುಡಿಯೋರ ಗಡಿಯಾರ ನೋಡಿ ದವಾಖಾನೆ ನಡೆಸೋದು ಈ ಊರಲ್ಲಿ ಬಹಳ ತಡ ಆಯ್ತು.

ಥಾಣೆ ವಾಸಿಯವರೇ, ಚಾಳ್‌ನಲ್ಲಿ ಬೆಳೆದು ನಿಮಗೇನೂ ಆಗ್ಲಿಲ್ಲ ಅಂದ್ರೆ ಸಂತೋಷ. ಆದ್ರೆ 2020ರ ಜುಲೈನಲ್ಲಿ ಮುಂಬೈನ ಮೂರು ವಾರ್ಡಲ್ಲಿ ಕೋವಿಡ್ ರಕ್ತಪರೀಕ್ಷೆ ಸಮೀಕ್ಷೆ ಆಯ್ತಲ್ಲ, ಝೋಪಡಪಟ್ಟಿಯಲ್ಲಿ ನೂರಕ್ಕೆ 57 ಜನಕ್ಕೆ ಆಗ್ಲೇ ಸೋಂಕು ಬಂದು ಹೋಗಿತ್ತು, ಬಿಲ್ಡಿಂಗ್‌ಗಳಲ್ಲಿ 16. ಅದೇ ವಾರ್ಡು, ಅದೇ ವೈರಸ್ಸು. ಒಂದೇ ಶೌಚಾಲಯಕ್ಕೆ ನೂರಾರು ಜನ ಹೋಗೋ ಕಡೆ ದೂರ ನಿಲ್ಲಿ ಅಂತ ಮೈಕಲ್ಲಿ ಕೂಗಿದ್ರೆ ಎಲ್ಲಿ ನಿಲ್ಬೇಕು?

ಹೋಟೆಲ್_ಶೆಟ್ರು:
ನಾನು ಸುಮ್ಮನೆ ಓದ್ತಾ ಇದ್ದೆ ಮಾರಾಯ್ರೆ, ಆದ್ರೆ ಎಲ್ಲ ಧಣಿಗಳ ತಲೆಗೆ ಕಟ್ಟುದು ಕಾಣುವಾಗ ಬರೆಯದೆ ಇರ್ಲಿಕ್ಕೆ ಆಗುದಿಲ್ಲ. ನಾನು 1978ರಲ್ಲಿ ಕುಂದಾಪುರದಿಂದ ಬಂದವ, ಫೋರ್ಟ್‌ನ ಒಂದು ಹೋಟ್ಲಲ್ಲಿ ಗ್ಲಾಸು ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ, ಬಂದು ಟೇಬಲ್ ಮೇಲೆ ಮಲಗಿದವ. ನಮ್ಮ ಜೊತೆ ಇದ್ದವ ಒಬ್ಬ ರಕ್ತ ಕಾರಿ ಶಿವಡಿ ಟಿಬಿ ಆಸ್ಪತ್ರೆ ಸೇರಿದವ ವಾಪಸ್ ಬರ್ಲೇ ಇಲ್ಲ. ಅವನ ಟ್ರಂಕು ಎರಡು ವರ್ಷ ಹೋಟ್ಲಲ್ಲೇ ಇತ್ತು, ಊರಿಂದ ಯಾರೂ ಕೇಳ್ಲಿಕ್ಕೆ ಬರ್ಲಿಲ್ಲ. ಹಾಗಾಗಿ ನನಗೆ ಯಾರೂ ಟಿಬಿ ಪಾಠ ಮಾಡುದು ಬೇಡ.

ಆದ್ರೆ ಈಗ ಗಾಳಾ (ಅಂಗಡಿ ಜಾಗ) ಬಾಡಿಗೆ ಎಷ್ಟುಂಟು ಗೊತ್ತುಂಟಾ? ಹುಡುಗರಿಗೆ ಬೇರೆ ಖೋಲಿ ಮಾಡಿದ್ರೆ ನಾನು ಇಡ್ಲಿ ಯಾವ ರೇಟಿಗೆ ಕೊಡುದು? ನೀವೇ ಮೊದಲು ಕೇಳ್ತೀರಿ, ಶೆಟ್ರೇ ಚಟ್ನಿ ತೆಳ್ಳಗಾಯ್ತು ಅಂತ. ಪೋಟಮಾಳಾ ಎಲ್ಲ ಹೋಟ್ಲಲ್ಲೂ ಉಂಟು. ಇನ್ಸ್‌ಪೆಕ್ಟರ್ ಬರ್ತಾನೆ, ಅಡುಗೆಮನೆ ಟೈಲ್ಸ್ ನೋಡ್ತಾನೆ, ಫ್ರಿಜ್ ನೋಡ್ತಾನೆ, ಕೆಲಸದವರ ಮೆಡಿಕಲ್ ಸರ್ಟಿಫಿಕೇಟ್ ನೋಡ್ತಾನೆ. ಮೇಲೆ ಏಣಿ ಹತ್ತಿ ಯಾರು ಮಲಗ್ತಾರೆ ಅಂತ ನಲವತ್ತು ವರ್ಷದಲ್ಲಿ ಒಬ್ಬನೂ ನೋಡ್ಲಿಲ್ಲ.

ಚೆಂಬೂರ್_ಪೋರ:
ಶೆಟ್ರೇ ಕೊನೇ ಸಾಲು ಓದಿ ಮೈ ಜುಂ ಅಂತು. ಗಿರಾಕಿಗೆ ರೋಗ ಬರಬಾರದು ಅಂತ ಸರ್ಟಿಫಿಕೇಟ್ ಇದೆ, ಹುಡುಗನಿಗೆ ಬರಬಾರದು ಅನ್ನೋದಕ್ಕೆ ಕಾಗದವೇ ಇಲ್ಲ ಅಂದಂಗಾಯ್ತು.

ಮಾಟುಂಗಾ_ಅಜ್ಜ:
ಮಕ್ಕಳೇ, ಆರೋಗ್ಯಕ್ಕೂ ಗಾಳಿಗೂ ಸಂಬಂಧ ಇದೆ ಅಂತ ಈ ಊರಿಗೆ ಇವತ್ತು ಗೊತ್ತಾದದ್ದಲ್ಲ. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗ್ ಬಂತು, ಜನ ಸಾವಿರಗಟ್ಟಲೆ ಊರು ಬಿಟ್ಟರು, ಗಿರಣಿಗಳು ನಿಂತವು, ಬ್ರಿಟಿಷರ ವ್ಯಾಪಾರಕ್ಕೆ ಪೆಟ್ಟು ಬಿತ್ತು. ಆಮೇಲೆ 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿದರು. ಅದರ ಕೆಲಸವೇ ಗಾಳಿ ಬೆಳಕು ತರೋದು. ಪ್ರಿನ್ಸೆಸ್ ಸ್ಟ್ರೀಟ್ ಅಷ್ಟು ಅಗಲ ಯಾಕೆ ಇದೆ ಅಂದ್ಕೊಂಡಿರಿ, ಸಮುದ್ರದ ಗಾಳಿ ಊರೊಳಗೆ ನುಗ್ಗಲಿ ಅಂತ ಕಿಕ್ಕಿರಿದ ಕೇರಿಗಳನ್ನು ಸೀಳಿಕೊಂಡು ಹಾಕಿದ ರಸ್ತೆ ಅದು. ನಾವು ಕೂತು ಕಾಫಿ ಕುಡಿಯೋ ಈ ದಾದರ್ ಮಾಟುಂಗಾ ಬಡಾವಣೆಯೂ ಅದೇ ಟ್ರಸ್ಟಿನದು, ಮರ, ಪಾರ್ಕು, ಬಿಲ್ಡಿಂಗ್ ಮಧ್ಯೆ ಜಾಗ, ಎಲ್ಲ ಪ್ಲೇಗಿನ ಹೆದರಿಕೆಯಿಂದ ಸಿಕ್ಕಿದ್ದು.

ಆದರೆ ಪೂರ್ತಿ ಹೊಗಳಬೇಡಿ. ಕೇರಿ ಒಡೆದಾಗ ಅಲ್ಲಿದ್ದ ಬಡವರಿಗೆಲ್ಲ ಮನೆ ಕಟ್ಟಿಕೊಡಲಿಲ್ಲ, ಒಡೆದದ್ದು ಜಾಸ್ತಿ ಕಟ್ಟಿದ್ದು ಕಡಿಮೆ, ಹೊರಬಿದ್ದವರು ಪಕ್ಕದ ಕೇರಿಗೆ ಹೋಗಿ ಇನ್ನೂ ಇಕ್ಕಟ್ಟಾದರು. ಗಾಳಿ ಬಂತು, ಬಡವನಿಗಲ್ಲ. ಹಾಗಾಗಿ ಶೆಟ್ಟರ ಪೋಟಮಾಳಾ ನಾಳೆ ಬೀಗ ಹಾಕಿಸಿದರೆ ಒಂಬತ್ತು ಹುಡುಗರು ಫುಟ್‌ಪಾತಿಗೆ ಬರ್ತಾರೆ. ಅದನ್ನೂ ನೋಡಿಕೊಂಡು ಮಾತಾಡಿ.

ವಾಸ್ಕೊ_ಹುಡುಗಿ:
ಗೋವಾದಿಂದ ಒಂದ್ ಮಾತು ರೀ. ಇಲ್ಲಿ ಬೈನಾ, ಝುವಾರಿ ನಗರದಾಗ ನಮ್ಮ ಬಿಜಾಪುರ ಗದಗ ಮಂದಿ ಭಾಳ ಅದಾರ. ಸರ್ಕಾರದ ಆರೋಗ್ಯ ವಿಮಾ, ದೀನದಯಾಳ್ ಸ್ವಾಸ್ಥ್ಯ ಸೇವಾ, ಛಲೋ ಅದ, ಆದ್ರ ಐದು ವರ್ಷ ಇಲ್ಲಿ ಇದ್ದೀನಿ ಅಂತ ತೋರಸಬೇಕು. ಬಾಡಿಗಿ ಮನಿ ಮಾಲಕ ಕರಾರು ಪತ್ರ ಬರಕೊಡಂಗಿಲ್ಲ, ಕರಾರು ಇಲ್ಲಂದ್ರ ನೀವು ಬಂದೇ ಇಲ್ಲ. 2018ರ ಜನವರಿಯಿಂದ ದೊಡ್ಡ ಸರ್ಕಾರಿ ಆಸ್ಪತ್ರ್ಯಾಗ ಹೊರಗಿನ ರಾಜ್ಯದವ್ರಿಗೆ ಫೀ ಬ್ಯಾರೆ ಶುರು ಆತು. ನಮ್ಮವ್ವನ ಆಪರೇಶನ್ನಿಗೆ ನಾವು ಹುಬ್ಬಳ್ಳಿಗೆ ರೈಲು ಹತ್ತಿದ್ವಿ. ಕಾಗದ ಅನ್ನೋದೂ ನಿಮ್ಮ ಆ ನಿರ್ಧಾರಕಗಳ ಪಟ್ಟ್ಯಾಗ ಅದ ಏನ್ರಿ ಡಾಕ್ಟ್ರ?

ನಿವೃತ್ತ_ಡಾಕ್ಟ್ರಮ್ಮ:
ನನ್ನ ಪಟ್ಟಿಯಲ್ಲಿ ಅದೇ ಮೊದಲು ಬರತ್ತೆ ಮಗಾ.

ಹಿಮದೂರು_ಕನ್ನಡಿಗ:
ನಾನು ಡೊಂಬಿವಲಿ ಹುಡುಗ, ಈಗ ಕೆನಡಾದ ಸಾಸ್ಕಟೂನ್‌ನಲ್ಲಿದೀನಿ, ಹೊರಗೆ ಮೈನಸ್ ಇಪ್ಪತ್ತು, ಅದಕ್ಕೇ ಒಳಗೆ ಕೂತು ಉದ್ದ ಬರೀತಿದೀನಿ. ಬೇರೆ ಕಡೆ ಆರೋಗ್ಯ ಇಲಾಖೆ ಇದನ್ನ ಮಾಡಿದೆಯಾ ಅಂತ ಪೋರ ಕೇಳಿದ್ರಲ್ಲ. ಇಲ್ಲಿ ಆಗ ಪ್ರದೇಶಕ್ಕೊಂದು ಆರೋಗ್ಯ ಪ್ರಾಧಿಕಾರ ಇತ್ತು, ಆಸ್ಪತ್ರೆ, ಲಸಿಕೆ, ನರ್ಸಿಂಗ್ ಎಲ್ಲ ಅದರ ಕೈಲೇ. ಸಾಸ್ಕಟೂನ್‌ನ ಪ್ರಾಧಿಕಾರ 2006ರಲ್ಲಿ ಒಂದು ಸರಳ ಕೆಲಸ ಮಾಡ್ತು. ಊರಿನ ಆರು ಬಡ ಬಡಾವಣೆಗಳ ಅಂಕಿ ಒಂದು ಕಡೆ, ಉಳಿದ ಊರಿನದು ಇನ್ನೊಂದು ಕಡೆ ಇಟ್ಟು ತಾಳೆ ನೋಡಿದ್ರು. ಸಕ್ಕರೆ ಕಾಯಿಲೆ, ಮಕ್ಕಳ ಲಸಿಕೆ, ಆತ್ಮಹತ್ಯೆ ಪ್ರಯತ್ನ, ಎಲ್ಲದರಲ್ಲೂ ಎರಡು ಬೇರೆ ದೇಶ ಇದ್ದಂಗೆ ಇತ್ತು. ಸರ್ಕಾರಿ ಚಿಕಿತ್ಸೆ ಎಲ್ರಿಗೂ ಫ್ರೀ ಇರೋ ಊರು ಇದು, ಆದ್ರೂ! 2008ರಲ್ಲಿ ಅದೇ ಆಫೀಸು ಇನ್ನೊಂದು ವರದಿ ಬರೆದು 46 ಶಿಫಾರಸು ಕೊಡ್ತು. ಅದರಲ್ಲಿ ಜಾಸ್ತಿ ಆಸ್ಪತ್ರೆ ಬಗ್ಗೆ ಅಲ್ಲ, ಆದಾಯ, ಮನೆ, ಶಾಲೆ ಬಗ್ಗೆ. ತನ್ನ ಕೈಲಿದ್ದದ್ದನ್ನೂ ಮಾಡ್ತು, ಬಡಾವಣೆ ಶಾಲೆಯೊಳಗೇ ಮಕ್ಕಳ ಕ್ಲಿನಿಕ್ ಇಟ್ರು.

ಎಲ್ಲ ಸರಿಹೋಯ್ತು ಅಂದ್ಕೋಬೇಡಿ, ಆ ಬಡಾವಣೆ ಕಡೆ ನಾನು ಈಗ್ಲೂ ಹೋಗ್ತೀನಿ, ಆಹಾರ ಬ್ಯಾಂಕ್ ಮುಂದೆ ಸಾಲು ಹಾಗೇ ಇದೆ. 2017ರ ಡಿಸೆಂಬರ್‌ನಲ್ಲಿ ರಾಜ್ಯದ ಹನ್ನೆರಡೂ ಪ್ರಾಧಿಕಾರ ಸೇರಿಸಿ ಒಂದೇ ಮಾಡಿಬಿಟ್ರು. ನನಗೇನೋ ಊರಿನ ಅಂಕಿ ಊರಿನವರ ಕೈಲೇ ಇದ್ರೆ ಜಗಳ ಮಾಡಕ್ಕೆ ಸುಲಭ ಅನ್ಸತ್ತೆ, ಮೇಲಿನ ಆಫೀಸಿನ ಸರಾಸರಿಯಲ್ಲಿ ಆರು ಬಡಾವಣೆ ಕರಗಿ ಹೋಗತ್ತೆ.

ಥಾಣೆ_ವಾಸಿ:
ಸರಿ, ಕೆನಡಾದಲ್ಲಿ ದುಡ್ಡಿದೆ ವರದಿ ಬರೀತಾರೆ. ಗುಳಿಗೆ ಬಿಟ್ಟು ಬೇರೇನಾದ್ರೂ ಕೊಟ್ಟು ರೋಗ ಕಡಿಮೆ ಆಗಿದ್ದಕ್ಕೆ ನಮ್ಮ ದೇಶದಲ್ಲಿ ಒಂದು ಲೆಕ್ಕ ತೋರ್ಸಿ, ಒಪ್ತೀನಿ.

ನಿವೃತ್ತ_ಡಾಕ್ಟ್ರಮ್ಮ:
ತಗೊಳ್ಳಿ, ಅದೂ ನಮ್ಮ ಮಂಗಳೂರಿನವರದೇ. ಯೆನೆಪೊಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ದಂಪತಿ ಝಾರ್ಖಂಡ್‌ನ ನಾಲ್ಕು ಜಿಲ್ಲೆಯಲ್ಲಿ ರೇಶನ್ಸ್ ಅಂತ ಒಂದು ಪ್ರಯೋಗ ನಡೆಸಿದ್ರು. 2,800 ಟಿಬಿ ರೋಗಿಗಳು, ಅವರ ಮನೆಯ 10,345 ಜನ. ರೋಗಿಗಳಿಗೆಲ್ಲ ಆಹಾರ ಕೊಟ್ರು, ಅರ್ಧ ಭಾಗದ ಮನೆಗಳಲ್ಲಿ ಉಳಿದವರಿಗೂ, ದೊಡ್ಡವರಾದ್ರೆ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ವಿಟಮಿನ್ ಗುಳಿಗೆ. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬರೋದು ಶೇಕಡಾ 39 ಕಡಿಮೆ ಆಯ್ತು, ಕಫದಿಂದ ಹರಡೋ ಶ್ವಾಸಕೋಶದ ಟಿಬಿ 48. 2023ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಕ್ಕಿ, ಬೇಳೆ, ವಿಟಮಿನ್ ಕಣ್ರೀ, ಬೇರೇನೂ ಅಲ್ಲ.

ಸರ್ಕಾರ 2018ರ ಏಪ್ರಿಲ್‌ನಿಂದ ನಿಕ್ಷಯ್ ಪೋಷಣ್ ಅಂತ ಟಿಬಿ ರೋಗಿಗೆ ತಿಂಗಳಿಗೆ 500 ರೂಪಾಯಿ ಖಾತೆಗೆ ಹಾಕ್ತಿತ್ತು, 2024ರ ನವೆಂಬರ್‌ನಿಂದ 1,000 ಮಾಡಿದೆ. ಮುಂಬೈ ಒಂದರಲ್ಲೇ ವರ್ಷಕ್ಕೆ ಸುಮಾರು 60 ಸಾವಿರ ಟಿಬಿ ಕೇಸ್ ದಾಖಲಾಗತ್ತೆ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಸೇಡಂ_ಟು_ಮಾನಖುರ್ದ್:
ರೊಕ್ಕ ಬರ್ತದ್ರಿ ಆದ್ರ ನಮ್ಮ ಕಾಕಾಗ ಬಂದದ್ದು ಗುಳಿಗಿ ಮುಗದ ಮ್ಯಾಲ, ಖಾತೆ ಊರಾಗ, ಆಧಾರ್ ಲಿಂಕ್ ಆಗಿರ್ಲಿಲ್ಲ. ಅಂದಂಗ ಒಂದು ಉಪಯೋಗದ ಮಾತು ಹೇಳ್ತೀನಿ, ಊರಿನ ರೇಶನ್ ಕಾರ್ಡ್ ಮ್ಯಾಲ ಇಲ್ಲೂ ಅಕ್ಕಿ ಗೋಧಿ ಸಿಗ್ತದ, ಒಂದು ದೇಶ ಒಂದು ರೇಶನ್ ಕಾರ್ಡ್ ಅನ್ನೋದರಾಗ, ಹೆಬ್ಬೆಟ್ಟು ಹತ್ತಿದ್ರ ಸಾಕು. ಎಷ್ಟ್ ಹೋಟೆಲ್ ಹುಡುಗರಿಗೆ ಇದು ಗೊತ್ತದ?

ಹೋಟೆಲ್_ಶೆಟ್ರು:
ನನಗೇ ಗೊತ್ತಿರ್ಲಿಲ್ಲ.

ಚೆಂಬೂರ್_ಪೋರ:
ಅಪ್‌ಡೇಟ್ ಹಾಕ್ತೀನಿ, ಹದಿನೈದು ದಿನ ಆಯ್ತು. ಸಿಸ್ಟರ್ ಹತ್ರ ಮತ್ತೆ ಹೋದೆ. ನಗರ ಆರೋಗ್ಯ ಮಿಷನ್‌ನಲ್ಲಿ ಮಹಿಳಾ ಆರೋಗ್ಯ ಸಮಿತಿ ಅಂತ ಇದೆಯಂತೆ, 50ರಿಂದ 100 ಮನೆಗೆ ಒಂದು, ವರ್ಷಕ್ಕೆ 5,000 ರೂಪಾಯಿ ತಮಗೆ ಬೇಕಾದ ಕೆಲಸಕ್ಕೆ ಖರ್ಚು ಮಾಡಬಹುದು. ನಾನು ಕುಣಿದುಬಿಟ್ಟೆ, ಫ್ಯಾನ್ ಆಯ್ತಲ್ಲ ಅಂತ. ಸಿಸ್ಟರ್ ಹೇಳಿದ್ರು, ಅದು ಮನೆಗಳಿಗೆ ದಾದಾ, ಹೋಟೆಲ್ ಮನೆ ಅಲ್ಲ, ಕಮರ್ಷಿಯಲ್. ಆಶಾ ಕಾರ್ಯಕರ್ತೆ ಮನೆಮನೆ ಸರ್ವೇ ಮಾಡುವಾಗ ಹೋಟೆಲ್ ದಾಟಿ ಮುಂದೆ ಹೋಗ್ತಾಳೆ. ಅಂದ್ರೆ ಆ ಒಂಬತ್ತು ಜನ ಯಾವ ಪಟ್ಟಿಯಲ್ಲೂ ಇಲ್ಲ. ಸಾಸ್ಕಟೂನ್ ಅಣ್ಣ ಹೇಳಿದ ತಾಳೆ ನೋಡೋದು ಇಲ್ಲಿ ಶುರುನೇ ಆಗಲ್ಲ, ಯಾಕಂದ್ರೆ ಒಂದು ಕಡೆಯವರನ್ನ ಯಾರೂ ಎಣಿಸಿಯೇ ಇಲ್ಲ.

ಹಾಗಾಗಿ ಸಂಘದ ಮೀಟಿಂಗ್‌ನಲ್ಲಿ ಜಗಳ ಮಾಡಿ ಈ ವರ್ಷ ಮಂಟಪ ಕ್ಯಾನ್ಸಲ್ (ಅಪ್ಪ ಎರಡು ದಿನ ಮಾತಾಡ್ಲಿಲ್ಲ). ಬದಲಿಗೆ ಶೆಟ್ರನ್ನ ಮುಂದಿಟ್ಕೊಂಡು ನಮ್ಮ ಏರಿಯಾದ ಹನ್ನೊಂದು ಹೋಟೆಲ್‌ಗೆ ಹೋದ್ವಿ, ರಾತ್ರಿ ಶಟರ್ ಎಳೆದ ಮೇಲೆ. ಶೆಟ್ರು ಇಲ್ದಿದ್ರೆ ಒಂದು ಏಣಿನೂ ಹತ್ತಕ್ಕೆ ಬಿಡ್ತಿರ್ಲಿಲ್ಲ. ಎಷ್ಟು ಜನ ಮಲಗ್ತಾರೆ, ಕಿಟಕಿ ಇದೆಯಾ, ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಯಾರಿಗೆ, ಊರಿನ ರೇಶನ್ ಕಾರ್ಡ್ ಇದೆಯಾ, ಇಷ್ಟೇ ಕೇಳಿದ್ದು. 74 ಹುಡುಗರು, ಹನ್ನೊಂದರಲ್ಲಿ ಎಂಟು ಕಡೆ ಕಿಟಕಿ ಇಲ್ಲ, ಆರು ಜನಕ್ಕೆ ಕೆಮ್ಮು. ಆರೂ ಜನರನ್ನ ಸಿಸ್ಟರ್ ಸಂಜೆ ಹೊತ್ತು ಕರೆಸ್ಕೊಂಡ್ರು. ಪಟ್ಟಿಯ ಒಂದು ಕಾಪಿ ವಾರ್ಡ್‌ನ ಆರೋಗ್ಯ ಅಧಿಕಾರಿಗೆ ಕೊಟ್ವಿ, ಅವರು ಓದಿದ್ರು, ಎರಡು ಸಲ ಓದಿದ್ರು, ಲೈಸೆನ್ಸ್ ವಿಭಾಗಕ್ಕೆ ಕಳಿಸ್ತೀನಿ ಅಂದ್ರು. ತಕ್ಷಣ ಶೆಟ್ರ ಮುಖ ಬಿಳಿಚ್ಕೊಳ್ತು, ಹೋಟೆಲ್ ಹೆಸರು ತೆಗೆದು ಬರೀ ಸಂಖ್ಯೆ ಕೊಡ್ತೀವಿ ಅಂತ ಕಾಪಿ ವಾಪಸ್ ಇಸ್ಕೊಂಡು ಬಂದ್ವಿ. ಮಾಟುಂಗಾ ಅಜ್ಜ ಹೇಳಿದ ಮಾತು ಆಗ ನೆನಪಾಯ್ತು.

ಹೋಟೆಲ್_ಶೆಟ್ರು:
ಬಿಳಿಚಿದ್ದು ಹೌದು, ಸುಳ್ಳು ಹೇಳುದಿಲ್ಲ. ನಮ್ಮಲ್ಲಿ ಫ್ಯಾನ್ ತಂದಿಟ್ಟಿದ್ದೇನೆ, ಒಂದಲ್ಲ ಎರಡು. ಆದ್ರೆ ಹಿಂದಿನ ಗೋಡೆಗೆ ತೂತು ಕೊರೀಬೇಕಲ್ಲ, ಬಿಲ್ಡಿಂಗ್ ಸೊಸೈಟಿ ಸೆಕ್ರೆಟರಿ ಬಿಡುದಿಲ್ಲ ಅಂತಾನೆ, ಅಡುಗೆ ವಾಸನೆ ಅವನ ಬೆಡ್‌ರೂಮಿಗೆ ಬರ್ತದಂತೆ.

ನಿವೃತ್ತ_ಡಾಕ್ಟ್ರಮ್ಮ:
ಪೈಪ್ ಹಾಕಿ ಟೆರೇಸ್‌ವರೆಗೆ ಒಯ್ದರೆ ಒಪ್ತಾನಾ ಕೇಳಿ. ನಾನೂ ಬರ್ತೀನಿ, ಬಿಳಿ ಕೋಟ್ ಇನ್ನೂ ಇದೆ.

ಚೆಂಬೂರ್_ಪೋರ:
ಭಾನುವಾರ ಹನ್ನೊಂದಕ್ಕೆ ಸೊಸೈಟಿ ಮೀಟಿಂಗ್ ಡಾಕ್ಟ್ರಮ್ಮ. ಮರಾಠಿ ಚೆನ್ನಾಗಿ ಮಾತಾಡೋರು ಇನ್ನೊಬ್ರು ಬೇಕು, ಸೇಡಂ ಅಣ್ಣ ಫ್ರೀ ಇದೀರಾ?

ಸೇಡಂ_ಟು_ಮಾನಖುರ್ದ್:
ಹನ್ನೆರಡರ ಮ್ಯಾಲ ಇಟ್ಕೊಳ್ರಿ, ಅವತ್ತ ನಮ್ಮ ಓಣ್ಯಾಗ ನೀರು ಬರೋದು ಹನ್ನೊಂದಕ್ಕ.